ನೂರಾರು ಕ್ಲೌಡ್ ಸರ್ವರ್‌ಗಳಿಗೆ ಒಂದೇ ಕಡೆಯಿಂದ ಕಮಾಂಡ್, ಪ್ಯಾಚ್: ಎಲ್ಲಿಂದ ಶುರು ಮಾಡಬೇಕು

ಐದು ಸರ್ವರ್ ಇದ್ದಾಗ ಒಂದೊಂದಕ್ಕೂ ಎಸ್‌ಎಸ್‌ಎಚ್ ಮಾಡಿ, ಅಂದರೆ ದೂರದಿಂದಲೇ ಲಾಗಿನ್ ಆಗಿ, ಕೆಲಸ ಮುಗಿಸಬಹುದು. ಐವತ್ತಾದರೆ ಒಂದು ಫಾರ್ ಲೂಪ್ ಬರೆದುಕೊಳ್ಳುತ್ತೀರಿ. ಐನೂರಾದಾಗ ಆ ಲೂಪ್ ಕೈಕೊಡುತ್ತದೆ. ನಡುವೆ ಒಂದು ಸರ್ವರ್ ಉತ್ತರ ಕೊಡದೆ ನಿಂತರೆ ಅದರ ಹಿಂದಿನವೆಲ್ಲ ಕಾಯುತ್ತಾ ಕೂರುತ್ತವೆ, ಯಾವುದರಲ್ಲಿ ಕಮಾಂಡ್ ಓಡಿತು ಯಾವುದರಲ್ಲಿ ಓಡಲಿಲ್ಲ ಅಂತ ಟರ್ಮಿನಲ್‌ನಲ್ಲಿ ಹಿಂದಕ್ಕೆ ಸರಿಸಿ ಸರಿಸಿ ಹುಡುಕಬೇಕು, ಇನ್ನು ಆ ಎಸ್‌ಎಸ್‌ಎಚ್ ಕೀ ಯಾರ ಯಾರ ಲ್ಯಾಪ್‌ಟಾಪ್‌ನಲ್ಲಿದೆ ಅನ್ನೋದು ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ.

ಈ ಲೇಖನದಲ್ಲಿ ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ನ ಸಿಸ್ಟಮ್ಸ್ ಮ್ಯಾನೇಜರ್ ಬಳಸಿ ಇದನ್ನು ಹೇಗೆ ಮಾಡುವುದು ಅಂತ ನೋಡೋಣ. ಅದರಲ್ಲಿ ನಮಗೆ ಮುಖ್ಯವಾದವು ಎರಡು: ದೂರದಿಂದ ಕಮಾಂಡ್ ಓಡಿಸಲು ರನ್ ಕಮಾಂಡ್, ಪ್ಯಾಚ್ (ದೋಷ ಸರಿಪಡಿಸುವ ಅಪ್‌ಡೇಟ್) ಹಾಕಲು ಪ್ಯಾಚ್ ಮ್ಯಾನೇಜರ್. ನೀವು ಮೈಕ್ರೋಸಾಫ್ಟ್‌ನ ಅಜೂರ್ ಕ್ಲೌಡ್‌ನಲ್ಲಿದ್ದರೆ ರನ್ ಕಮಾಂಡ್ ಮತ್ತು ಅಪ್‌ಡೇಟ್ ಮ್ಯಾನೇಜರ್, ಗೂಗಲ್ ಕ್ಲೌಡ್‌ನಲ್ಲಿದ್ದರೆ ವಿಎಂ ಮ್ಯಾನೇಜರ್ ಇದೇ ಕೆಲಸ ಮಾಡುತ್ತವೆ. ಬಟನ್‌ಗಳ ಹೆಸರು ಬೇರೆ, ಯೋಚನೆ ಮಾಡುವ ದಾರಿ ಒಂದೇ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕಾ ಅನ್ನಿಸಿದರೆ ಕಂಪ್ಯೂಟರ್‌ಗಳನ್ನು ಲಾಕ್ ಮಾಡಿ ಹಣ ಕೇಳಿದ ವನ್ನಾಕ್ರೈ ರಾನ್ಸಮ್‌ವೇರ್ ನೆನಪಿಸಿಕೊಳ್ಳಿ. ಅದು ಬಳಸಿಕೊಂಡ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ ಪ್ಯಾಚ್ ಕೊಟ್ಟಿತ್ತು. ದಾಳಿ ಶುರುವಾಗಿದ್ದು ಮೇ 12ಕ್ಕೆ. ಸುಮಾರು ಎರಡು ತಿಂಗಳು ಪ್ಯಾಚ್ ಕೈಯಲ್ಲೇ ಇತ್ತು, ಆದರೂ ಬ್ರಿಟನ್‌ನ ಆಸ್ಪತ್ರೆಗಳೂ ಸೇರಿ ಎಷ್ಟೋ ಕಡೆ ಕಂಪ್ಯೂಟರ್‌ಗಳು ನಿಂತುಹೋದವು. ಪ್ಯಾಚ್ ಬಿಡುಗಡೆ ಆಗಿದೆ ಅನ್ನೋದು ಒಂದು ಮಾತು, ನಿಮ್ಮ ಕೊನೆಯ ಸರ್ವರ್‌ವರೆಗೂ ಅದು ಮುಟ್ಟಿದೆ ಅನ್ನೋದು ಬೇರೆಯೇ ಮಾತು. ಎರಡನೆಯದನ್ನು ಖಾತ್ರಿ ಮಾಡಿಕೊಳ್ಳುವುದೇ ಇಲ್ಲಿನ ಕೆಲಸ.

ಹಂತ 1: ಸರ್ವರ್‌ಗಳು ಮೊದಲು ಕಣ್ಣಿಗೆ ಬೀಳಲಿ

ಒಂದು ಸರ್ವರ್ ಸಿಸ್ಟಮ್ಸ್ ಮ್ಯಾನೇಜರ್‌ನ ಪಟ್ಟಿಯಲ್ಲಿ ಕಾಣಬೇಕಾದರೆ ಮೂರು ಬೇಕು: ಏಜೆಂಟ್, ಅನುಮತಿ, ದಾರಿ.

ಏಜೆಂಟ್ ಅಂದರೆ ಸರ್ವರ್‌ನೊಳಗೆ ಓಡುವ ಸಣ್ಣ ಪ್ರೋಗ್ರಾಂ, ಎಸ್‌ಎಸ್‌ಎಂ ಏಜೆಂಟ್. ಅಮೆಜಾನ್ ಲಿನಕ್ಸ್ 2, ಅಮೆಜಾನ್ ಲಿನಕ್ಸ್ 2023, ವಿಂಡೋಸ್ ಸರ್ವರ್ ಇವುಗಳ ಅಮೆಜಾನ್ ಇಮೇಜ್‌ಗಳಲ್ಲಿ (ಸರ್ವರ್ ಹುಟ್ಟಿಸುವ ಅಚ್ಚುಗಳಲ್ಲಿ), ಉಬುಂಟುವಿನ ಹೆಚ್ಚಿನ ಇಮೇಜ್‌ಗಳಲ್ಲೂ ಅದು ಮೊದಲೇ ಕೂತಿರುತ್ತದೆ. ಬೇರೆ ಹಲವು ಲಿನಕ್ಸ್‌ಗಳಲ್ಲಿ ನೀವೇ ಹಾಕಬೇಕಾಗುತ್ತದೆ. ಅನುಮತಿಗೆ ಸರ್ವರ್‌ಗೆ ಅಂಟಿಸಿದ ಐಎಎಂ ರೋಲ್‌ನಲ್ಲಿ (ಏನೇನು ಮಾಡಬಹುದು ಅಂತ ಹೇಳುವ ಎಡಬ್ಲ್ಯೂಎಸ್ ಅನುಮತಿಗಳ ಕಟ್ಟಿನಲ್ಲಿ) ಅಮೆಜಾನ್‌ಎಸ್‌ಎಸ್‌ಎಂ‌ಮ್ಯಾನೇಜ್ಡ್‌ಇನ್‌ಸ್ಟನ್ಸ್‌ಕೋರ್ ಅನ್ನೋ ಪಾಲಿಸಿ ಇದ್ದರೆ ಸಾಕು. ಪ್ರತಿ ಸರ್ವರ್‌ಗೂ ರೋಲ್ ಹಾಕೋದು ಕಷ್ಟ ಅನ್ನುವಷ್ಟು ಸರ್ವರ್ ಇದ್ದರೆ, 2023ರಲ್ಲಿ ಬಂದ ಡಿಫಾಲ್ಟ್ ಹೋಸ್ಟ್ ಮ್ಯಾನೇಜ್‌ಮೆಂಟ್ ಕಾನ್ಫಿಗರೇಶನ್ ಆನ್ ಮಾಡಿ. ಆ ಅಕೌಂಟ್‌ನ ಆ ರೀಜನ್‌ನಲ್ಲಿರುವ ಸರ್ವರ್‌ಗಳಿಗೆಲ್ಲ ಅದೇ ಅನುಮತಿ ಕೊಡುತ್ತದೆ. ಏಜೆಂಟ್ ತೀರಾ ಹಳೆಯದಾಗಿರಬಾರದು, ಸರ್ವರ್‌ನಲ್ಲಿ ಮೆಟಾಡೇಟಾ ಸರ್ವಿಸ್‌ನ (ಸರ್ವರ್ ತನ್ನ ಬಗ್ಗೆ ಕೇಳಿ ತಿಳಿಯುವ ಸೇವೆಯ) ಎರಡನೇ ಆವೃತ್ತಿ ಬಳಕೆಯಲ್ಲಿರಬೇಕು, ಅಷ್ಟೇ.

ದಾರಿ ಅಂದರೆ ನೆಟ್‌ವರ್ಕ್. ನನಗೆ ಈ ವ್ಯವಸ್ಥೆಯಲ್ಲಿ ತುಂಬ ಇಷ್ಟವಾದ ವಿಷಯ ಇದೇ: ಸರ್ವರ್‌ನ ಒಳಕ್ಕೆ ಒಂದೇ ಒಂದು ಪೋರ್ಟ್ ತೆರೆಯಬೇಕಿಲ್ಲ. ಏಜೆಂಟೇ ಹೊರಗಡೆ 443ನೇ ಪೋರ್ಟ್ ಮೂಲಕ ಹೋಗಿ ನನಗೆ ಕೆಲಸ ಇದೆಯಾ ಅಂತ ಕೇಳುತ್ತದೆ. ಇದು ಸರಿಯಾಗಿ ಕೂತ ಮೇಲೆ ಎಸ್‌ಎಸ್‌ಎಚ್‌ನ 22ನೇ ಪೋರ್ಟ್ ಪೂರ್ತಿ ಮುಚ್ಚಬಹುದು. ಇಂಟರ್‌ನೆಟ್ ಇಲ್ಲದ ಸಬ್‌ನೆಟ್‌ನಲ್ಲಿ ಸರ್ವರ್ ಇದ್ದರೆ ಎಸ್‌ಎಸ್‌ಎಂ, ಎಸ್‌ಎಸ್‌ಎಂ ಮೆಸೇಜಸ್ ಇವೆರಡಕ್ಕೆ, ಏಜೆಂಟ್ ಹಳೆಯದಾಗಿದ್ದರೆ ಇಸಿ2 ಮೆಸೇಜಸ್‌ಗೂ ವಿಪಿಸಿ ಎಂಡ್‌ಪಾಯಿಂಟ್ (ಎಡಬ್ಲ್ಯೂಎಸ್ ಸೇವೆಗೆ ಒಳಗಿನಿಂದಲೇ ಹೋಗುವ ದಾರಿ) ಮಾಡಿ. ಜೊತೆಗೆ ಫೈಲ್ ಇಡುವ ಸೇವೆಯಾದ ಎಸ್3ಗೂ ಒಂದು ಎಂಡ್‌ಪಾಯಿಂಟ್ ಬೇಕು. ಇದನ್ನು ತುಂಬ ಜನ ಮರೆಯುತ್ತಾರೆ. ಕಮಾಂಡ್ ಚೆನ್ನಾಗೇ ಓಡುತ್ತಿರುತ್ತದೆ, ಪ್ಯಾಚ್ ಮಾತ್ರ ಫೇಲ್ ಆಗುತ್ತದೆ, ಯಾಕಂದ್ರೆ ಪ್ಯಾಚ್ ಮ್ಯಾನೇಜರ್ ತನಗೆ ಬೇಕಾದ ಫೈಲ್‌ಗಳನ್ನು ಎಸ್3ಯಿಂದ ತರುತ್ತದೆ, ಅಮೆಜಾನ್ ಲಿನಕ್ಸ್‌ನ ಪ್ಯಾಕೇಜ್ ರೆಪೊಗಳೂ (ಸಾಫ್ಟ್‌ವೇರ್ ಭಂಡಾರಗಳೂ) ಅಲ್ಲೇ ಇವೆ.

ಸಿಸ್ಟಮ್ಸ್ ಮ್ಯಾನೇಜರ್‌ನ ಸರ್ವರ್ ಪಟ್ಟಿಯಾದ ಫ್ಲೀಟ್ ಮ್ಯಾನೇಜರ್ ತೆರೆದು ನೋಡಿ. ಅಲ್ಲಿರುವ ಎಣಿಕೆಯನ್ನು ಇಸಿ2 (ಎಡಬ್ಲ್ಯೂಎಸ್‌ನ ಸರ್ವರ್ ಸೇವೆ) ಪಟ್ಟಿಯ ಎಣಿಕೆಗೆ ಹೋಲಿಸಿ. ಎರಡೂ ಒಂದೇ ಆಗುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಪಟ್ಟಿಯಲ್ಲೇ ಇಲ್ಲದ ಸರ್ವರ್ ಯಾವ ಪ್ಯಾಚ್ ವರದಿಯಲ್ಲೂ ಕೆಂಪಾಗಿ ಕಾಣಿಸುವುದಿಲ್ಲ, ಅದು ಸುಮ್ನೆ ಇರುವುದೇ ಇಲ್ಲ. ಕಾಣದ ಸರ್ವರ್‌ಗೆ ಹೇಗಾದರೂ ಒಳಹೊಕ್ಕು /ವಾರ್/ಲಾಗ್/ಅಮೆಜಾನ್/ಎಸ್‌ಎಸ್‌ಎಂ ಫೋಲ್ಡರ್‌ನಲ್ಲಿರುವ ಏಜೆಂಟ್ ಲಾಗ್ ಓದಿ. ಮೂರರಲ್ಲಿ ಯಾವುದು ಕೈಕೊಟ್ಟಿದೆ ಅಂತ ಸಾಮಾನ್ಯವಾಗಿ ಅಲ್ಲೇ ಗೊತ್ತಾಗುತ್ತದೆ.

ಹಂತ 2: ಟ್ಯಾಗ್

ಸರ್ವರ್‌ಗಳ ಐಡಿ ಪಟ್ಟಿ ಮಾಡಿ ಕಮಾಂಡ್ ಕಳಿಸುವ ಅಭ್ಯಾಸ ಬೇಡ. ಇವತ್ತು ಇರುವ ಸರ್ವರ್ ನಾಳೆ ಇರುವುದಿಲ್ಲ. ಬದಲಿಗೆ ಟ್ಯಾಗ್ ಬಳಸಿ, ಅಂದರೆ ಸರ್ವರ್‌ಗೆ ಅಂಟಿಸುವ ಗುರುತಿನ ಚೀಟಿ. ಪ್ರತಿ ಸರ್ವರ್‌ಗೂ ಕನಿಷ್ಠ ಮೂರು ಟ್ಯಾಗ್ ಇರಲಿ: ಯಾವ ಪರಿಸರ (ಪರೀಕ್ಷೆಯದಾ, ನಿಜವಾದ ಬಳಕೆದಾರರದಾ), ಯಾವ ಕೆಲಸ (ವೆಬ್, ಡೇಟಾಬೇಸ್, ಕ್ಯೂ), ಮತ್ತು ಪ್ಯಾಚ್‌ನ ಯಾವ ಅಲೆಯಲ್ಲಿ ಅದು ಬರುತ್ತದೆ. ಮೂರನೆಯದು ಏನು ಅಂತ ಮುಂದೆ ಹೇಳುತ್ತೇನೆ. ಸರ್ವರ್ ಹುಟ್ಟುವಾಗಲೇ ಟೆರಾಫಾರ್ಮ್ ಅಥವಾ ನೀವು ಬಳಸುವ ಇನ್ಯಾವುದೋ ಉಪಕರಣದಿಂದಲೇ ಟ್ಯಾಗ್ ಬೀಳುವಂತೆ ಮಾಡಿ. ಆಮೇಲೆ ಕೈಯಾರೆ ಹಾಕುತ್ತೇವೆ ಅಂದುಕೊಂಡರೆ ಅದು ಆಗುವುದೇ ಇಲ್ಲ.

ಹಂತ 3: ಮೊದಲ ಕಮಾಂಡ್

ಮೊದಲು ಓದುವ ಕಮಾಂಡ್ ಮಾತ್ರ ಓಡಿಸಿ. ಸರ್ವರ್ ಎಷ್ಟು ದಿನದಿಂದ ಆನ್ ಇದೆ, ಯಾವ ಕರ್ನಲ್ ಓಡುತ್ತಿದೆ, ಡಿಸ್ಕ್ ಎಷ್ಟು ಖಾಲಿ ಇದೆ, ಇಂಥವು. ರನ್ ಕಮಾಂಡ್‌ನಲ್ಲಿ ಎಡಬ್ಲ್ಯೂಎಸ್-ರನ್‌ಶೆಲ್‌ಸ್ಕ್ರಿಪ್ಟ್ ಅನ್ನೋ ಡಾಕ್ಯುಮೆಂಟ್ (ಏಜೆಂಟ್ ಏನು ಮಾಡಬೇಕು ಅಂತ ಹೇಳುವ ಬರಹ) ಆರಿಸಿ, ವಿಂಡೋಸ್ ಆದರೆ ಎಡಬ್ಲ್ಯೂಎಸ್-ರನ್‌ಪವರ್‌ಶೆಲ್‌ಸ್ಕ್ರಿಪ್ಟ್. ಕಮಾಂಡ್ ಬರೆಯಿರಿ, ಟ್ಯಾಗ್‌ನಿಂದ ಗುರಿ ಆರಿಸಿ. ಇಲ್ಲಿಗೆ ಸುಲಭದ ಭಾಗ ಮುಗಿಯಿತು.

ಕಷ್ಟದ ಭಾಗ ಅದೇ ಪುಟದಲ್ಲಿ ಸ್ವಲ್ಪ ಕೆಳಗೆ ಇದೆ, ಹೆಚ್ಚಿನವರು ಅದನ್ನು ಓದದೆ ರನ್ ಒತ್ತುತ್ತಾರೆ. ಅದೇ ವೇಗ ನಿಯಂತ್ರಣ. ಒಂದೇ ಹೊತ್ತಿಗೆ ಎಷ್ಟು ಸರ್ವರ್‌ಗಳಲ್ಲಿ ಓಡಬೇಕು ಅನ್ನೋದು ಒಂದು, ಎಷ್ಟು ಕಡೆ ಎಡವಿದರೆ ಮುಂದಕ್ಕೆ ಕಳಿಸುವುದನ್ನು ನಿಲ್ಲಿಸಬೇಕು ಅನ್ನೋದು ಇನ್ನೊಂದು. ನೀವು ಏನೂ ಹೇಳದೆ ಕಮಾಂಡ್ ಕಳಿಸಿದರೆ ಮೊದಲನೆಯದು 50, ಎರಡನೆಯದು 0. ಶೂನ್ಯ ಅಂದರೆ ಮೊದಲ ಸೋಲಿಗೇ ನಿಲ್ಲುತ್ತದೆ ಅಂತ ನೆಮ್ಮದಿ ಆಗುತ್ತದೆ, ಅಲ್ವಾ? ಆದರೆ ನಿಲ್ಲುವುದು ಹೊಸದಾಗಿ ಕಳಿಸುವುದು ಮಾತ್ರ. ಆಗಲೇ ಹೊರಟುಹೋದ ಕಮಾಂಡ್‌ಗಳು ತಮ್ಮ ಪಾಡಿಗೆ ಓಡಿ ಮುಗಿಯುತ್ತವೆ. ಐವತ್ತು ಸರ್ವರ್‌ಗಳಿಗೆ ಒಟ್ಟಿಗೆ ಒಂದು ಕೆಟ್ಟ ಸ್ಕ್ರಿಪ್ಟ್ ಹೋಗಿದ್ದರೆ, ಮೊದಲನೆಯದು ಎಡವಿತು ಅಂತ ತಿಳಿಯುವ ಹೊತ್ತಿಗೆ ಉಳಿದ ನಲವತ್ತೊಂಬತ್ತೂ ಅದೇ ಗುಂಡಿಗೆ ಬಿದ್ದಿರಬಹುದು.

ಹಾಗಾಗಿ ನನ್ನ ಕ್ರಮ ಹೀಗೆ. ಬದಲಾವಣೆ ಮಾಡುವ ಯಾವುದೇ ಕಮಾಂಡ್ ಆಗಲಿ, ಮೊದಲ ಸಲ ಒಂದೇ ಸರ್ವರ್. ಅದರ ಔಟ್‌ಪುಟ್ ಕಣ್ಣಾರೆ ಓದಿ. ಎರಡನೇ ಸಲ ಒಂದು ಸಣ್ಣ ಗುಂಪು, ಒಂದು ಹೊತ್ತಿಗೆ ಒಂದೇ ಸರ್ವರ್, ಸೋಲಿನ ಮಿತಿ ಶೂನ್ಯ. ಸೋಲು ಮಿತಿ ದಾಟಲೇಬಾರದು ಅಂದರೆ ಒಂದೊಂದೇ ಓಡಿಸುವುದು ಬಿಟ್ಟು ಬೇರೆ ದಾರಿ ಇಲ್ಲ. ಮೂರನೇ ಸಲ ಉಳಿದದ್ದು, ಆಗ ಶೇಕಡಾ 10ರಂತೆ ಕಳಿಸಬಹುದು. ಟ್ರಾಫಿಕ್ ಹಂಚುವ ಲೋಡ್ ಬ್ಯಾಲೆನ್ಸರ್ ಹಿಂದೆ ಇಪ್ಪತ್ತು ವೆಬ್ ಸರ್ವರ್ ಇದ್ದರೆ ಶೇಕಡಾ 10 ಅಂದರೆ ಎರಡು, ಎರಡು ಕಡಿಮೆಯಾದರೂ ಸೈಟ್ ನಡೆಯುತ್ತದೆ. ಮೂರೇ ನೋಡ್ ಇರುವ ಡೇಟಾಬೇಸ್ ಕ್ಲಸ್ಟರ್‌ಗೆ ಈ ಲೆಕ್ಕ ಹಚ್ಚಬೇಡಿ. ಅಲ್ಲಿ ಯಾವಾಗಲೂ ಒಂದೇ, ಅದೂ ಹಿಂದಿನದು ಕ್ಲಸ್ಟರ್‌ಗೆ ವಾಪಸ್ ಸೇರಿದ ಮೇಲೆ.

ಸ್ಕ್ರಿಪ್ಟ್ ಬರೆಯುವಾಗ ನೆನಪಿಡಬೇಕಾದ್ದು ಕೆಲವು ಇವೆ. ಕಮಾಂಡ್ ಲಿನಕ್ಸ್‌ನಲ್ಲಿ ರೂಟ್ ಆಗಿ, ವಿಂಡೋಸ್‌ನಲ್ಲಿ ಸಿಸ್ಟಮ್ ಅಕೌಂಟ್ ಆಗಿ ಓಡುತ್ತದೆ. ತಡೆಯುವವರು ಯಾರೂ ಇಲ್ಲ. ಲಿನಕ್ಸ್‌ನಲ್ಲಿ ಅದು ಎಸ್‌ಎಚ್ ಶೆಲ್‌ನಲ್ಲಿ ಓಡುತ್ತದೆ, ಉಬುಂಟುವಿನಲ್ಲಿ ಎಸ್‌ಎಚ್ ಅಂದರೆ ಬ್ಯಾಶ್ ಅಲ್ಲ, ಡ್ಯಾಶ್ ಅನ್ನೋ ಬೇರೆ ಶೆಲ್. ಬ್ಯಾಶ್‌ಗೆ ಮಾತ್ರ ಗೊತ್ತಿರುವ ಬರವಣಿಗೆ ಬೇಕಿದ್ದರೆ ಮೊದಲ ಸಾಲಿನಲ್ಲೇ ಬ್ಯಾಶ್ ಬೇಕು ಅಂತ ಶಿಬ್ಯಾಂಗ್ ಹಾಕಿ. ಇನ್ನೊಂದು, ಯಶಸ್ಸು ಅಂತ ಹಸಿರು ಬಂದರೆ ಅದರ ಅರ್ಥ ಕೊನೆಯ ಸಾಲಿನ ಎಕ್ಸಿಟ್ ಕೋಡ್ ಸೊನ್ನೆ ಅಂತ ಮಾತ್ರ. ಐದು ಸಾಲಿನಲ್ಲಿ ಎರಡನೆಯದು ಸೋತು ಐದನೆಯದು ಒಂದು ಎಕೋ ಆಗಿದ್ದರೂ ವರದಿ ಹಸಿರೇ. ಸ್ಕ್ರಿಪ್ಟ್ ಶುರುವಿನಲ್ಲೇ ಸೆಟ್ -ಇ ಹಾಕಿದರೆ ಸೋತ ಸಾಲಲ್ಲೇ ನಿಲ್ಲುತ್ತದೆ. ಅದೇ ಸ್ಕ್ರಿಪ್ಟ್ ಎರಡು ಸಲ ಓಡಿದರೂ ತೊಂದರೆ ಆಗದ ಹಾಗೆ ಬರೆಯಿರಿ, ಯಾಕಂದ್ರೆ ಅರ್ಧ ಸೋತ ಗುಂಪಿಗೆ ಮತ್ತೆ ಓಡಿಸಲೇಬೇಕಾಗುತ್ತದೆ.

ನಡುವೆ ರೀಬೂಟ್ ಬೇಕಿದ್ದರೆ ಸ್ಕ್ರಿಪ್ಟ್‌ನೊಳಗೆ ನೇರವಾಗಿ ರೀಬೂಟ್ ಕಮಾಂಡ್ ಕೊಡಬೇಡಿ. ಲಿನಕ್ಸ್‌ನಲ್ಲಿ 194, ವಿಂಡೋಸ್‌ನಲ್ಲಿ 3010 ಎಕ್ಸಿಟ್ ಕೋಡ್ ಕೊಟ್ಟು ಹೊರಬನ್ನಿ. ಏಜೆಂಟ್ ಅದನ್ನು ನೋಡಿ ತಾನೇ ರೀಬೂಟ್ ಮಾಡಿಸಿ ಸ್ಕ್ರಿಪ್ಟ್ ಮತ್ತೆ ಓಡಿಸುತ್ತದೆ. ರೀಬೂಟ್ ಆಗಲೇ ಆಗಿದೆಯಾ ಅಂತ ಸ್ಕ್ರಿಪ್ಟ್ ಮೊದಲು ನೋಡಿಕೊಳ್ಳಬೇಕು, ಇಲ್ಲದಿದ್ದರೆ ಸುತ್ತುತ್ತಲೇ ಇರುತ್ತದೆ.

ಔಟ್‌ಪುಟ್‌ಗೆ ಎಸ್3 ಬಕೆಟ್ ಅಥವಾ ಕ್ಲೌಡ್‌ವಾಚ್ ಲಾಗ್ಸ್ ಜೋಡಿಸಿಬಿಡಿ. ಹಾಗೆ ಜೋಡಿಸದಿದ್ದರೆ ಪ್ರತಿ ಸರ್ವರ್‌ನ ಔಟ್‌ಪುಟ್‌ನಲ್ಲಿ ಮೊದಲ 24,000 ಅಕ್ಷರ ಮಾತ್ರ ಸಿಗುತ್ತದೆ, ಕಮಾಂಡ್ ಇತಿಹಾಸ ಉಳಿಯುವುದೂ 30 ದಿನ. ಟೈಮ್‌ಔಟ್‌ಗಳು ಎರಡು ಬೇರೆ ಬೇರೆ. ಸರ್ವರ್‌ಗೆ ಕಮಾಂಡ್ ತಲುಪಲು 600 ಸೆಕೆಂಡ್, ತಲುಪಿದ ಮೇಲೆ ಓಡಲು 3600 ಸೆಕೆಂಡ್. ದೊಡ್ಡ ಕೆಲಸ ಆದರೆ ಎರಡನೆಯದನ್ನು ಹೆಚ್ಚಿಸಿಕೊಳ್ಳಿ.

ಯಾರ ಕೈಗೆ ಕೊಡುತ್ತೀರಿ

ಸೆಂಡ್‌ಕಮಾಂಡ್ ಅನುಮತಿ (ರನ್ ಕಮಾಂಡ್‌ನಿಂದ ಕಮಾಂಡ್ ಕಳಿಸುವ ಅನುಮತಿ) ಇದ್ದವರಿಗೆ ಎಲ್ಲ ಸರ್ವರ್‌ಗಳ ರೂಟ್ ಇದ್ದಂತೆಯೇ. ಐಎಎಂ ಪಾಲಿಸಿಯಲ್ಲಿ ಯಾವ ಡಾಕ್ಯುಮೆಂಟ್ ಬಳಸಬಹುದು, ಯಾವ ಟ್ಯಾಗ್ ಇರುವ ಸರ್ವರ್‌ಗೆ ಕಳಿಸಬಹುದು ಅಂತ ಎರಡನ್ನೂ ಬಿಗಿ ಮಾಡಿ. ಅಪ್ಲಿಕೇಶನ್ ತಂಡದವರಿಗೆ ಒಂದು ಸರ್ವಿಸ್ ರೀಸ್ಟಾರ್ಟ್ ಮಾಡಬೇಕಷ್ಟೇ ಅಂದರೆ, ಅದೊಂದೇ ಕೆಲಸದ ಡಾಕ್ಯುಮೆಂಟ್ ನೀವೇ ಬರೆದು ಅದಕ್ಕೆ ಮಾತ್ರ ಅನುಮತಿ ಕೊಡಿ. ಏನು ಬೇಕಾದರೂ ಬರೆಯಬಹುದಾದ ಶೆಲ್‌ಸ್ಕ್ರಿಪ್ಟ್ ಡಾಕ್ಯುಮೆಂಟ್ ಅವರಿಗೆ ಬೇಕಿಲ್ಲ. ಅನುಮತಿ ಟ್ಯಾಗ್ ಮೇಲೆ ನಿಂತಿದೆ ಅಂದಮೇಲೆ ಟ್ಯಾಗ್ ಬದಲಾಯಿಸುವ ಅನುಮತಿಯೂ ಅಷ್ಟೇ ಬಿಗಿ ಇರಬೇಕು.

ಪಾಸ್‌ವರ್ಡ್, ಟೋಕನ್ ಕಮಾಂಡ್‌ನೊಳಗೆ ಬರೆಯಲೇಬೇಡಿ, ಇತಿಹಾಸದಲ್ಲಿ ಹಾಗೇ ಕಾಣುತ್ತದೆ. ಪ್ಯಾರಾಮೀಟರ್ ಸ್ಟೋರ್ ಅಥವಾ ಸೀಕ್ರೆಟ್ಸ್ ಮ್ಯಾನೇಜರ್‌ನಲ್ಲಿ ಇಟ್ಟು, ಓಡುವಾಗ ಸರ್ವರೇ ಅಲ್ಲಿಂದ ತೆಗೆದುಕೊಳ್ಳಲಿ.

ಹಂತ 4: ಯಾವ ಪ್ಯಾಚ್, ಯಾವಾಗ

ಯಾವ ಪ್ಯಾಚ್ ಒಪ್ಪಬೇಕು ಅನ್ನೋ ನಿಯಮಗಳ ಗುಂಪಿಗೆ ಬೇಸ್‌ಲೈನ್ ಅನ್ನುತ್ತಾರೆ. ಎಡಬ್ಲ್ಯೂಎಸ್ ಪ್ರತಿ ಓಎಸ್‌ಗೂ ಒಂದು ಸಿದ್ಧ ಬೇಸ್‌ಲೈನ್ ಕೊಟ್ಟಿದೆ. ಅಮೆಜಾನ್ ಲಿನಕ್ಸ್ 2ರದ್ದು ಕ್ರಿಟಿಕಲ್ ಅಥವಾ ಇಂಪಾರ್ಟೆಂಟ್ ಅಂತ ಗುರುತಾದ ಭದ್ರತಾ ಪ್ಯಾಚ್‌ಗಳನ್ನು ಬಿಡುಗಡೆಯಾದ 7 ದಿನಕ್ಕೆ ಒಪ್ಪುತ್ತದೆ. ವಿಂಡೋಸ್‌ನದ್ದಕ್ಕೂ ಅದೇ 7 ದಿನ. ವಿಂಡೋಸ್ ಪ್ಯಾಚ್‌ಗಳು ತಿಂಗಳ ಎರಡನೇ ಮಂಗಳವಾರ ಬರುತ್ತವೆ, ಆದ್ದರಿಂದ ನಿಮ್ಮ ಕ್ಯಾಲೆಂಡರ್ ಅಲ್ಲಿಂದ ಹಾಕಿಕೊಳ್ಳಬಹುದು.

ಈ ಏಳು ದಿನಕ್ಕೆ ಅರ್ಥ ಇದೆ. ಕೆಟ್ಟ ಪ್ಯಾಚ್ ಬಂದರೆ ಅದರ ಸುದ್ದಿ ಸಾಮಾನ್ಯವಾಗಿ ಮೊದಲ ಕೆಲವು ದಿನಗಳಲ್ಲೇ ಹೊರಬೀಳುತ್ತದೆ. ಆದರೆ ನಿಮ್ಮ ಪರೀಕ್ಷಾ ಸರ್ವರ್‌ಗಳೂ ಏಳು ದಿನ ಕಾದರೆ ಪರೀಕ್ಷೆ ಮಾಡುವವರು ಯಾರು? ಎರಡು ಬೇಸ್‌ಲೈನ್ ಮಾಡಿ: ಪರೀಕ್ಷೆಯ ಗುಂಪಿಗೆ 0 ದಿನ, ನಿಜವಾದ ಬಳಕೆಯ ಗುಂಪಿಗೆ 7 ದಿನ. ಯಾವ ಸರ್ವರ್‌ಗೆ ಯಾವ ಬೇಸ್‌ಲೈನ್ ಅನ್ನೋದು ಪ್ಯಾಚ್ ಗ್ರೂಪ್ ಅನ್ನೋ ಟ್ಯಾಗ್‌ನಿಂದ ತೀರ್ಮಾನ ಆಗುತ್ತದೆ. ಹಿಂದೆ ಹೇಳಿದ ಮೂರನೇ ಟ್ಯಾಗ್ ಇದೇ. ಒಂದು ಸರ್ವರ್ ಒಂದೇ ಗ್ರೂಪ್‌ನಲ್ಲಿರಬಹುದು.

ಉಬುಂಟುವಿನಲ್ಲಿ ಈ ಉಪಾಯ ನಡೆಯುವುದಿಲ್ಲ. ಪ್ಯಾಕೇಜ್ ಯಾವ ದಿನ ಬಿಡುಗಡೆಯಾಯಿತು ಅಂತ ಅದರ ರೆಪೊಗಳಿಂದ ನಂಬಿಕೆಯಿಂದ ತಿಳಿಯಲಾಗದ ಕಾರಣ, ಇಷ್ಟು ದಿನ ಕಾಯಿ ಅನ್ನೋ ನಿಯಮವೇ ಅಲ್ಲಿ ಇಲ್ಲ. ಪ್ಯಾಚ್ ರೆಪೊಗೆ ಬಂದ ಕ್ಷಣದಲ್ಲೇ ಒಪ್ಪಿಗೆ. ಮಂಗಳವಾರ ಪರೀಕ್ಷಾ ಸರ್ವರ್‌ನಲ್ಲಿ ನೀವು ನೋಡಿದ ಪ್ಯಾಕೇಜ್‌ಗಳೇ ಶನಿವಾರ ಉಳಿದ ಕಡೆ ಹೋಗುತ್ತವೆ ಅನ್ನೋ ಖಾತ್ರಿ ಇಲ್ಲ, ನಡುವೆ ಬಂದ ಹೊಸದೂ ಸೇರಿಕೊಳ್ಳುತ್ತದೆ. ಇದು ಸರಿಹೋಗದಿದ್ದರೆ ರೆಪೊದ ಒಂದು ಸ್ವಂತ ಮಿರರ್ (ನಕಲು) ಇಟ್ಟುಕೊಂಡು, ಪರೀಕ್ಷಿಸಿದ ದಿನದ ಸ್ಥಿತಿಯನ್ನೇ ಎಲ್ಲ ಸರ್ವರ್‌ಗಳಿಗೂ ತೋರಿಸಿ. ಕೆಲಸ ಜಾಸ್ತಿ, ಆದರೆ ದೊಡ್ಡ ಗುಂಪಿಗೆ ಅದು ಸಾರ್ಥಕ.

ನಿಮ್ಮ ಅಪ್ಲಿಕೇಶನ್‌ಗೆ ಒಂದು ಪ್ಯಾಕೇಜ್‌ನ ಹೊಸ ಆವೃತ್ತಿ ಆಗಿಬರದಿದ್ದರೆ ಅದನ್ನು ಬೇಸ್‌ಲೈನ್‌ನ ತಿರಸ್ಕೃತ ಪಟ್ಟಿಗೆ ಹಾಕಿ. ಬೇರೆ ಪ್ಯಾಕೇಜ್‌ನ ಅವಲಂಬನೆಯಾಗಿ ಬಂದರೆ ಬಿಡಬೇಕಾ, ಆಗಲೂ ತಡೆಯಬೇಕಾ ಅಂತ ಅಲ್ಲೇ ಕೇಳುತ್ತದೆ. ಯಾಕೆ ತಡೆದಿರಿ, ಯಾವಾಗ ತೆಗೆಯುತ್ತೀರಿ ಅಂತ ಪಕ್ಕದಲ್ಲೇ ಎಲ್ಲಾದರೂ ಬರೆದಿಡಿ.

ಹಂತ 5: ಮೊದಲು ಸ್ಕ್ಯಾನ್

ಪ್ಯಾಚ್ ಕೆಲಸಕ್ಕೆ ಬಳಸುವ ಡಾಕ್ಯುಮೆಂಟ್ ಎಡಬ್ಲ್ಯೂಎಸ್-ರನ್‌ಪ್ಯಾಚ್‌ಬೇಸ್‌ಲೈನ್. ಅದಕ್ಕೆ ಎರಡು ಕೆಲಸ ಗೊತ್ತು: ಸ್ಕ್ಯಾನ್, ಇನ್‌ಸ್ಟಾಲ್. ಸ್ಕ್ಯಾನ್ ಏನನ್ನೂ ಬದಲಾಯಿಸುವುದಿಲ್ಲ, ಏನು ಬಾಕಿ ಇದೆ ಅಂತ ಹೇಳುತ್ತದೆ. ಅದನ್ನು ದಿನಾ ಒಂದು ಸಲ ಓಡಿಸಿ, ಭಯ ಇಲ್ಲ. ಮೊದಲ ಸ್ಕ್ಯಾನ್‌ನ ಫಲಿತಾಂಶ ಗಾಬರಿ ಹುಟ್ಟಿಸುವ ಹಾಗಿರಬಹುದು. ಒಂದೇ ರಾತ್ರಿಯಲ್ಲಿ ಎಲ್ಲ ಸರಿಮಾಡಲು ಹೋಗಬೇಡಿ.

ಹಂತ 6: ಅಲೆ ಅಲೆಯಾಗಿ ಇನ್‌ಸ್ಟಾಲ್

ಮೇಂಟೆನೆನ್ಸ್ ವಿಂಡೋ ಅಂತ ಒಂದು ವೇಳಾಪಟ್ಟಿ ಮಾಡಿ. ಯಾವಾಗ ಶುರು, ಎಷ್ಟು ಗಂಟೆ, ಮುಗಿಯಲು ಎಷ್ಟು ಗಂಟೆ ಇರುವಾಗ ಹೊಸ ಕೆಲಸ ಶುರುಮಾಡಬಾರದು ಅಂತ ಮೂರು ಕೇಳುತ್ತದೆ. ಟೈಮ್‌ಜೋನ್ ಕೂಡ ಕೊಡಿ, ಇಲ್ಲದಿದ್ದರೆ ನಿಮ್ಮ ರಾತ್ರಿ ಎರಡು ಗಂಟೆ ಅಂದುಕೊಂಡಿದ್ದು ಯುಟಿಸಿ ಲೆಕ್ಕದಲ್ಲಿ ಬಳಕೆದಾರರು ತುಂಬಿರುವ ಹೊತ್ತಿಗೆ ಬೀಳಬಹುದು. ಮೊದಲ ಅಲೆ ಪರೀಕ್ಷೆಯ ಸರ್ವರ್‌ಗಳು. ಎರಡನೆಯದು ನಿಜವಾದ ಬಳಕೆಯ ಪ್ರತಿ ಕೆಲಸದಿಂದ ಒಂದೊಂದು ಸರ್ವರ್. ಇದನ್ನು ಬಿಡಬೇಡಿ, ನಿಜವಾದ ಲೋಡ್ ಬಿದ್ದಾಗ ಮಾತ್ರ ಕಾಣುವ ತೊಂದರೆ ಇಲ್ಲೇ ಸಿಕ್ಕಿಬೀಳುತ್ತದೆ. ಮೂರನೆಯದು ಉಳಿದವೆಲ್ಲ. ಅಲೆಗಳ ನಡುವೆ ಒಂದೆರಡು ದಿನ ಬಿಡಿ.

ರೀಬೂಟ್ ವಿಷಯ ಬಿಡಿಸಿ ಹೇಳಬೇಕು. ರೀಬೂಟ್‌ಇಫ್‌ನೀಡೆಡ್ ಅಂತ ಒಂದು ಆಯ್ಕೆ ಇದೆ, ಅಗತ್ಯ ಬಿದ್ದರೆ ಮಾತ್ರ ರೀಬೂಟ್ ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಆ ಪ್ಯಾಚ್‌ಗೆ ನಿಜವಾಗಿ ರೀಬೂಟ್ ಬೇಕಾ ಅಂತ ಪ್ಯಾಚ್ ಮ್ಯಾನೇಜರ್ ನೋಡುವುದಿಲ್ಲ. ಅದು ಒಂದು ಪ್ಯಾಚ್ ಹಾಕಿದರೂ ಸಾಕು, ಸರ್ವರ್ ರೀಬೂಟ್ ಆಗುತ್ತದೆ. ಇದನ್ನು ತಿಳಿದುಕೊಂಡೇ ಆರಿಸಿ.

ಇನ್ನೊಂದು ಆಯ್ಕೆ ನೋರೀಬೂಟ್. ಅದರ ಅಪಾಯ ಬೇರೆ ಥರದ್ದು. ಓಪನ್‌ಎಸ್‌ಎಸ್‌ಎಲ್ ಅನ್ನೋ ಎನ್‌ಕ್ರಿಪ್ಶನ್ ಲೈಬ್ರರಿ ಡಿಸ್ಕ್ ಮೇಲೆ ಹೊಸದಾಯಿತು, ಆದರೆ ಮೂರು ತಿಂಗಳಿಂದ ಓಡುತ್ತಿರುವ ನಿಮ್ಮ ವೆಬ್ ಸರ್ವರ್ ಹಳೆಯ ಲೈಬ್ರರಿಯನ್ನೇ ಮೆಮೊರಿಯಲ್ಲಿ ಇಟ್ಟುಕೊಂಡಿದೆ. ಕರ್ನಲ್ ಕಥೆಯೂ ಇದೇ. ವರದಿಯಲ್ಲಿ ಇಂಥವು ಇನ್‌ಸ್ಟಾಲ್ಡ್ ಪೆಂಡಿಂಗ್ ರೀಬೂಟ್ ಅಂತ ಕಾಣುತ್ತವೆ. ಪ್ಯಾಚ್ ಹಾಕಿಯಾಗಿದೆ ಅಂತ ಇವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಉಬುಂಟುವಿನಲ್ಲಿ /ವಾರ್/ರನ್ ಒಳಗೆ ರೀಬೂಟ್-ರಿಕ್ವೈರ್ಡ್ ಫೈಲ್ ಇದೆಯಾ, ರೆಡ್‌ಹ್ಯಾಟ್ ಬಳಗದಲ್ಲಿ ನೀಡ್ಸ್-ರೀಸ್ಟಾರ್ಟಿಂಗ್ ಕಮಾಂಡ್ ಏನು ಹೇಳುತ್ತದೆ ಅಂತ ರನ್ ಕಮಾಂಡ್‌ನಿಂದಲೇ ಎಲ್ಲ ಸರ್ವರ್‌ಗಳಲ್ಲೂ ಕೇಳಬಹುದು. ನನ್ನ ಅಭಿಪ್ರಾಯ ಕೇಳಿದರೆ, ರೀಬೂಟ್‌ಗೆ ಹೆದರಬೇಕಾದ ಸರ್ವರ್ ಇದ್ದರೆ ಅದರ ಹೆದರಿಕೆ ಮೊದಲು ಕಳೆಯಿರಿ. ತಾನಾಗಿ ಎದ್ದು ನಿಲ್ಲದ ಸರ್ವಿಸ್ ಒಂದಲ್ಲ ಒಂದು ದಿನ ನೀವು ಆರಿಸದ ಹೊತ್ತಿನಲ್ಲಿ ಬೀಳುತ್ತದೆ.

ಲೋಡ್ ಬ್ಯಾಲೆನ್ಸರ್ ಹಿಂದಿನ ಸರ್ವರ್‌ಗಳಿಗೆ ಎಡಬ್ಲ್ಯೂಎಸ್-ರನ್‌ಪ್ಯಾಚ್‌ಬೇಸ್‌ಲೈನ್‌ವಿತ್‌ಹುಕ್ಸ್ ಬಳಸಿ. ಪ್ಯಾಚ್‌ಗೆ ಮುಂಚೆ, ಪ್ಯಾಚ್ ಆದ ಮೇಲೆ ರೀಬೂಟ್‌ಗೆ ಮುಂಚೆ, ಕೊನೆಗೆ ರೀಬೂಟ್ ಆದ ಮೇಲೆ ಹೀಗೆ ಮೂರು ಕಡೆ ನಿಮ್ಮ ಡಾಕ್ಯುಮೆಂಟ್ ಸೇರಿಸಬಹುದು. ಮೊದಲನೆಯದರಲ್ಲಿ ಸರ್ವರ್ ಅನ್ನು ಟ್ರಾಫಿಕ್‌ನಿಂದ ಹೊರಗೆ ತೆಗೆಯಿರಿ, ಕೊನೆಯದರಲ್ಲಿ ಆರೋಗ್ಯ ನೋಡಿ ವಾಪಸ್ ಸೇರಿಸಿ.

ಆಟೋ ಸ್ಕೇಲಿಂಗ್‌ನಲ್ಲಿ ಲೋಡ್‌ಗೆ ತಕ್ಕಂತೆ ತಾವೇ ಹುಟ್ಟಿ ಸಾಯುವ ಸರ್ವರ್‌ಗಳಿಗೆ ಇದೆಲ್ಲ ಬೇಡ. ಪ್ಯಾಚ್ ಹಾಕಿದ ಹೊಸ ಇಮೇಜ್ ಮಾಡಿ, ಹಳೆಯವನ್ನು ಅದರಿಂದ ಬದಲಾಯಿಸಿ.

ತುರ್ತು ಬಂದಾಗ

ಕೆಲವು ದೋಷಗಳು ನಿಮ್ಮ ವೇಳಾಪಟ್ಟಿ ಕಾಯುವುದಿಲ್ಲ. 2024ರ ಜುಲೈನಲ್ಲಿ ಎಸ್‌ಎಸ್‌ಎಚ್ ಸಾಫ್ಟ್‌ವೇರ್ ಆದ ಓಪನ್‌ಎಸ್‌ಎಸ್‌ಎಚ್‌ನಲ್ಲಿ ರೆಗ್ರೆಶನ್ ಅನ್ನೋ ಹೆಸರಿನ ದೋಷ ಹೊರಬಿತ್ತು. ಮೂಲ ಆವೃತ್ತಿಗಳಲ್ಲಿ 8.5ಪಿ1ರಿಂದ 9.8ಪಿ1ರ ಮುಂಚಿನವರೆಗೆ ಅದು ಇತ್ತು. ಅಂಥ ಹೊತ್ತಿನಲ್ಲಿ ಮೊದಲ ಕೆಲಸ ಎಲ್ಲೆಲ್ಲಿ ಯಾವ ಆವೃತ್ತಿ ಇದೆ ಅಂತ ಕೇಳುವ ಕಮಾಂಡ್. ಸಂಖ್ಯೆ ನೋಡಿ ಮೋಸ ಹೋಗಬೇಡಿ: ಲಿನಕ್ಸ್ ವಿತರಣೆಗಳು ಹಳೆಯ ಆವೃತ್ತಿ ಸಂಖ್ಯೆಯನ್ನೇ ಇಟ್ಟುಕೊಂಡು ಪರಿಹಾರವನ್ನು ಅದರೊಳಗೆ ಸೇರಿಸುತ್ತವೆ. ನಿಮ್ಮ ವಿತರಣೆಯ ಭದ್ರತಾ ಪ್ರಕಟಣೆಯಲ್ಲಿರುವ ಪೂರ್ತಿ ಪ್ಯಾಕೇಜ್ ಸಂಖ್ಯೆಗೆ ಹೋಲಿಸಿ. ಆಮೇಲೆ ಆ ಒಂದು ಪ್ಯಾಕೇಜ್ ಮಾತ್ರ, ಅದೇ ಮೂರು ಅಲೆಯಲ್ಲಿ, ಆದರೆ ಅಲೆಗಳ ನಡುವೆ ದಿನಗಳ ಬದಲು ಗಂಟೆಗಳು. ಅದೇ ವರ್ಷ ಮಾರ್ಚ್‌ನಲ್ಲಿ ಎಕ್ಸ್‌ಝೆಡ್ ಅನ್ನೋ ಕಂಪ್ರೆಶನ್ ಸಾಫ್ಟ್‌ವೇರ್‌ನಲ್ಲಿ ಯಾರೋ ಬಚ್ಚಿಟ್ಟ ಹಿಂಬಾಗಿಲು ಪತ್ತೆಯಾದಾಗ ಪರಿಹಾರ ಉಲ್ಟಾ ಇತ್ತು, 5.6.0 ಮತ್ತು 5.6.1 ಇದ್ದವರು ಹಿಂದಿನ ಆವೃತ್ತಿಗೆ ಇಳಿಯಬೇಕಿತ್ತು. ಪ್ರಕಟಣೆ ಪೂರ್ತಿ ಓದಿದ ಮೇಲೆಯೇ ಕಮಾಂಡ್ ಬರೆಯಿರಿ.

ವರದಿ ಓದುವುದು

ಕಂಪ್ಲಯನ್ಸ್ ವರದಿಯಲ್ಲಿ ಮಿಸ್ಸಿಂಗ್ ಅಂದರೆ ಒಪ್ಪಿದ ಪ್ಯಾಚ್ ಇನ್ನೂ ಹಾಕಿಲ್ಲ. ಫೇಲ್ಡ್ ಅಂದರೆ ಹಾಕಲು ಹೋಗಿ ಸೋತಿದೆ. ಇಲ್ಲಿ ಡಿಸ್ಕ್ ತುಂಬಿರುವುದು, ಪ್ಯಾಕೇಜ್ ಮ್ಯಾನೇಜರ್‌ನ ಲಾಕ್ ಬೇರೆ ಯಾರೋ ಹಿಡಿದಿರುವುದು ಇವೆರಡನ್ನು ಮೊದಲು ನೋಡಿ. ಇನ್‌ಸ್ಟಾಲ್ಡ್ ಅದರ್ ಅಂದರೆ ಬೇಸ್‌ಲೈನ್ ಒಪ್ಪಿಗೆ ಇಲ್ಲದೆ ಬೇರೆ ದಾರಿಯಿಂದ ಬಂದದ್ದು, ಸಾಮಾನ್ಯವಾಗಿ ತೊಂದರೆಯಲ್ಲ.

ಇಷ್ಟು ನೋಡಿಯೂ ಒಂದು ಗುಂಪು ತಪ್ಪಿಸಿಕೊಳ್ಳುತ್ತದೆ. ಮೇಂಟೆನೆನ್ಸ್ ವಿಂಡೋ ತೆರೆದಾಗ ಆಫ್ ಆಗಿದ್ದ ಸರ್ವರ್‌ಗಳು. ಹಳೆಯ ಸ್ಕ್ಯಾನ್‌ನ ಹಸಿರನ್ನೇ ಅವು ಹೊತ್ತುಕೊಂಡಿರುತ್ತವೆ, ಮತ್ತೆ ಆನ್ ಮಾಡಿದ ದಿನ ತಿಂಗಳುಗಳ ಪ್ಯಾಚ್ ಬಾಕಿ ಇಟ್ಟುಕೊಂಡೇ ನೆಟ್‌ವರ್ಕ್‌ಗೆ ಬರುತ್ತವೆ. ವಾರಕ್ಕೊಮ್ಮೆ, ಕೊನೆಯ ಸ್ಕ್ಯಾನ್ ಏಳು ದಿನಕ್ಕಿಂತ ಹಳೆಯದಾದ ಸರ್ವರ್‌ಗಳ ಪಟ್ಟಿಯನ್ನು ಬೇರೆಯೇ ತೆಗೆಯಿರಿ. ಯಾರಿಗೂ ಬೇಡವಾದವನ್ನು ಅಳಿಸಿ. ಬೇಕಾದವನ್ನು ಆನ್ ಮಾಡಿದ ಕೂಡಲೇ, ಅಪ್ಲಿಕೇಶನ್ ಶುರುವಾಗುವ ಮುಂಚೆಯೇ ಇನ್‌ಸ್ಟಾಲ್ ಓಡಿಸಿ.